ಮೂರನೆಯ ಸ್ಟ್ಯಾಂಪಿನ ಮೂಲೆ

"ಹನ್ನೆರಡು," ಎಂದರು ತನಿಖಾಧಿಕಾರಿ.

ಮಡಿಕೆ ಮಾವ ತಲೆ ಎತ್ತಿದರು. ಅವರ ಕೈಯಲ್ಲಿದ್ದ ಬಿಳಿ ಬೆಡ್‌ಶೀಟಿನ ಮಡಿಕೆ ಅರ್ಧಕ್ಕೇ ನಿಂತಿತು.

"ಏನು ಹನ್ನೆರಡು, ಮೇಡಂ?"

"ನೀವು ಎಣಿಸೋದು ನನಗೆ ಕಾಣಲಿಲ್ಲ. ಆದರೂ ಹನ್ನೆರಡು ಆಗ್ತಿದ್ದ ಹಾಗೇ ಕಟ್ಟನ್ನ ಪಕ್ಕಕ್ಕೆ ಇಡ್ತೀರಿ. ಬೆಳಿಗ್ಗೆಯಿಂದ ನೋಡ್ತಾ ಇದೀನಿ, ಒಂದು ಸಲವೂ ತಪ್ಪಿಲ್ಲ."

"ಮೂವತ್ತೊಂದು ವರ್ಷದಿಂದ ಇದೇ ಕೆಲಸ. ಬಾಯಲ್ಲಿ ಎಣಿಸಬೇಕಾಗಿಲ್ಲ. ಕೈಗೇ ಗೊತ್ತಾಗುತ್ತೆ."

"ಕೈಗೆ ಇನ್ನೇನೇನು ಗೊತ್ತು?"

ಮಾವ ನಕ್ಕರು. ಮೇಲಿನ ಸಾಲಿನಲ್ಲಿ ಎರಡು ಹಲ್ಲು, ಕೆಳಗಿನ ಸಾಲಿನಲ್ಲಿ ಮೂರು. "ಸಂಬಳದ ಲಕೋಟೆ ತೆಳ್ಳಗಿದ್ರೆ ಮುಟ್ಟಿದ ಕೂಡಲೇ ಗೊತ್ತಾಗುತ್ತೆ."

ಆಸ್ಪತ್ರೆಗಳ ಬಟ್ಟೆ ಒಗೆಯುವ ಆ ಲಾಂಡ್ರಿಯ ಮಡಿಸುವ ಕೋಣೆ ಉದ್ದಕ್ಕೆ ಇತ್ತು. ನಡುವೆ ತಗಡು ಹೊದಿಸಿದ ಮೇಜು. ಒಂದು ಮೂಲೆಯಲ್ಲಿ ಉಸಿರು ಬಿಡುತ್ತಿದ್ದ ಸ್ಟೀಮ್ ಪ್ರೆಸ್ಸು, ಅದರ ಕಾಲ ಬಳಿ ಗಂಜಿಯ ಬಕೆಟ್ಟು. ಗೋಡೆಗೆ ಗೂಡುಗಳ ಕಪಾಟು. ಒಬ್ಬೊಬ್ಬ ಕೆಲಸಗಾರನಿಗೆ ಒಂದೊಂದು ಗೂಡು. ಊಟದ ಡಬ್ಬಿ, ಬಾಚಣಿಗೆ, ಮಾತ್ರೆಯ ಪಟ್ಟಿ, ಉಳಿತಾಯದ ಕಾರ್ಡು ಎಲ್ಲವೂ ಅಲ್ಲೇ. ಯಾವ ಗೂಡಿಗೂ ಬಾಗಿಲಿರಲಿಲ್ಲ.

ತನಿಖಾಧಿಕಾರಿ ಕೂತಿದ್ದ ಕಬ್ಬಿಣದ ಸ್ಟೂಲಿನ ಮೇಲೆ ಯಾರೋ ನಾಲ್ಕು ಮಡಿಕೆ ಹಾಕಿದ ಬೆಚ್ಚಗಿನ ಟವೆಲು ಹಾಸಿದ್ದರು. ಯಾರು ಹಾಸಿದರೆಂದು ಅವರು ಕೇಳಲಿಲ್ಲ. ಐದು ದಿನದಿಂದ ಅವರು ಬರುವ ಹೊತ್ತಿಗೆ ಆ ಟವೆಲು ಅಲ್ಲಿರುತ್ತಿತ್ತು.

ಉಳಿತಾಯ ಕಚೇರಿಯಿಂದ ಬಂದ ಅವರಿಗೆ ಲಾಂಡ್ರಿಯವರು ಭೂತಗನ್ನಡಿ ಮೇಡಂ ಎಂದು ಹೆಸರಿಟ್ಟಿದ್ದರು. ಮಡಿಕೆ ಮಾವನ ಕಳೆದುಹೋದ ಕಾರ್ಡಿನ ಮೂರು ಸ್ಟ್ಯಾಂಪುಗಳು ಅದೇ ಲಾಂಡ್ರಿಯ ಇಸ್ತ್ರಿ ಅಕ್ಕನ ಕಾರ್ಡಿನ ಮೇಲೆ ಹೇಗೆ ಬಂದವು ಎಂದು ಪತ್ತೆ ಮಾಡಲು ಅವರಿಗೆ ಐದು ದಿನ ಕೊಟ್ಟಿದ್ದರು. ಇದು ಐದನೆಯ ದಿನದ ಮಧ್ಯಾಹ್ನ.

ಯೋಜನೆಯೇನೋ ಸರಳ. ಕಡಿಮೆ ಸಂಬಳದವರು ತಿಂಗಳಿಗೊಂದು ಸ್ಟ್ಯಾಂಪು ಕೊಂಡು ಕಾರ್ಡಿನ ಚೌಕದಲ್ಲಿ ಅಂಟಿಸಬೇಕು. ಇಪ್ಪತ್ತನಾಲ್ಕು ಚೌಕ, ಎರಡು ವರ್ಷ. ಕಾರ್ಡು ತುಂಬಿದರೆ ಕಟ್ಟಿದ ಹಣದ ಜೊತೆಗೆ ಅದರ ಅರ್ಧದಷ್ಟನ್ನು ಸರ್ಕಾರ ಸೇರಿಸಿ ಕೊಡುತ್ತದೆ. ಒಂದು ಚೌಕ ಖಾಲಿ ಬಿದ್ದರೂ ಸರ್ಕಾರದ ಪಾಲು ಇಲ್ಲ. ಸ್ಟ್ಯಾಂಪು ಕೊಳ್ಳಲು ಕಾರ್ಡಿನವರೇ ಕೌಂಟರಿಗೆ ಬಂದು ಸಹಿ ಹಾಕಬೇಕು. ಒಬ್ಬರಿಗೆ ತಿಂಗಳಿಗೆ ಒಂದೇ.

ಇಸ್ತ್ರಿ ಅಕ್ಕ ಕೊಂಡದ್ದು ಇಪ್ಪತ್ತೊಂದು. ಆಮೇಲೆ ಒದ್ದೆ ನೆಲದಲ್ಲಿ ಜಾರಿ ಬಿದ್ದು, ತೊಡೆಯ ಮೂಳೆ ಮುರಿದು, ಮೂರು ತಿಂಗಳು ಆಸ್ಪತ್ರೆಯ ಹಾಸಿಗೆ ಹಿಡಿದಳು. ಕೌಂಟರಿನ ಮುಖ ನೋಡಿರಲಿಲ್ಲ. ಆದರೂ ಅವಳು ಕಚೇರಿಗೆ ಒಪ್ಪಿಸಿದ ಕಾರ್ಡಿನಲ್ಲಿ ಇಪ್ಪತ್ತನಾಲ್ಕು ಚೌಕವೂ ತುಂಬಿದ್ದವು.

ಅಕ್ಕನಿಗೆ ಈಗ ಹೆಚ್ಚು ಹೊತ್ತು ನಿಲ್ಲಲಾಗುವುದಿಲ್ಲ. ತಿಂಗಳ ಕೊನೆಗೆ ಲಾಂಡ್ರಿ ಅವಳನ್ನು ಕೆಲಸದಿಂದ ಬಿಡಿಸುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಸೇತುವೆಯ ಪಕ್ಕದಲ್ಲಿ ಒಂದು ಚಿಕ್ಕ ಮಳಿಗೆ ನೋಡಿದ್ದಳು, ಕೂತುಕೊಂಡೇ ಇಸ್ತ್ರಿ ಮಾಡುವಂಥದ್ದು. ಅದರ ಮುಂಗಡಕ್ಕೆ ಅವಳು ಕಟ್ಟಿದ ಹಣ ಸಾಲದು, ಸರ್ಕಾರದ ಪಾಲೂ ಬೇಕು. ಮಳಿಗೆಯವನು ಇವತ್ತು ಸಂಜೆ ಆರರವರೆಗೆ ಕಾಯುತ್ತೇನೆ ಎಂದಿದ್ದ.

"ಮಾವ, ಕೈ ಒರೆಸಿಕೊಂಡು ಇಲ್ಲಿ ಬನ್ನಿ."

"ಮಡಿಸೋದು ಇನ್ನೂ ನಾಲ್ಕು ಕಟ್ಟು ಬಾಕಿ ಇದೆ."

"ಮೇಸ್ತ್ರಿಗೆ ನಾನು ಹೇಳ್ತೀನಿ."

ಮೇಸ್ತ್ರಿ ಬಾಗಿಲಲ್ಲೇ ನಿಂತಿದ್ದ. ಐದು ದಿನದಿಂದ ಏನಾದರೊಂದು ನೆಪ ಮಾಡಿಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದ. "ಹೋಗಿ ಮಾವ," ಎಂದ. "ನಾಲ್ಕು ಕಟ್ಟು ನಾನೇ ಮಡಚ್ತೀನಿ."

"ನೀನು ಮಡಚಿದ್ದನ್ನ ಆಸ್ಪತ್ರೆಯವರು ಬ್ಯಾಂಡೇಜು ಅಂದ್ಕೋತಾರೆ," ಎಂದರು ಮಾವ. ಆದರೂ ಬಂದು ಕೂತರು.

ತನಿಖಾಧಿಕಾರಿ ಪ್ಲಾಸ್ಟಿಕ್ ಹಾಳೆಯೊಳಗಿದ್ದ ಅಕ್ಕನ ಕಾರ್ಡನ್ನು ಮೇಜಿನ ಮೇಲಿಟ್ಟರು. ಭೂತಗನ್ನಡಿಯನ್ನು ಅದರ ಪಕ್ಕದಲ್ಲಿಟ್ಟರು.

"ನೋಡಿ."

"ನೋಡಿದೀನಲ್ಲ, ಮೊನ್ನೆ."

"ಮೊನ್ನೆ ನಂಬರು ನೋಡಿದ್ರಿ. ಇವತ್ತು ಸ್ಟ್ಯಾಂಪು ನೋಡಿ."

ಮಾವ ಕನ್ನಡಿಯನ್ನು ಕಣ್ಣಿಗೆ ತೀರಾ ಹತ್ತಿರ ಹಿಡಿದರು. ತನಿಖಾಧಿಕಾರಿ ಅವರ ಕೈ ಹಿಡಿದು ಕನ್ನಡಿಯನ್ನು ಕಾರ್ಡಿನ ಹತ್ತಿರಕ್ಕೆ ಇಳಿಸಿದರು.

"ಮೊದಲ ಇಪ್ಪತ್ತೊಂದು ಹೇಗಿವೆ?"

"ಸೊಟ್ಟ ಸೊಟ್ಟ. ಅವಳು ಹಾಗೇ. ಕೌಂಟರಿಂದ ಬಸ್ಸಿಗೆ ಓಡ್ತಾ ನಾಲಿಗೆ ಮೇಲೆ ಒರೆಸಿ ಅಂಟಿಸಿರ್ತಾಳೆ."

"ಕೊನೆಯ ಮೂರು?"

ಮಾವ ಕನ್ನಡಿಯನ್ನು ಮೇಜಿನ ಮೇಲಿಟ್ಟರು.

"ನಾನು ಹೇಳ್ತೀನಿ. ಚೌಕದ ಗೆರೆ ಎಲ್ಲಿದೆಯೋ ಸ್ಟ್ಯಾಂಪಿನ ಅಂಚು ಅಲ್ಲೇ ಇದೆ. ನಾಲ್ಕು ಕಡೆಯೂ. ಅಳತೆಪಟ್ಟಿ ಇಟ್ಟ ಹಾಗೆ."

"ಯಾರೋ ಶಿಸ್ತಿನವರು ಅಂಟಿಸಿದಾರೆ."

"ಸ್ಟ್ಯಾಂಪಿನ ಹಿಂದೆ ಇರೋ ಗೋಂದು ಇವುಗಳಲ್ಲಿ ಇಲ್ಲ. ಹಬೆಗೆ ಹಿಡಿದು ಬಿಡಿಸಿದಾರೆ, ಗೋಂದು ಹೋಗಿದೆ. ಆಮೇಲೆ ಗಂಜಿ ಹಚ್ಚಿ ಅಂಟಿಸಿದಾರೆ."

"ಹಬೆ, ಗಂಜಿ ಇಲ್ಲಿ ಯಾರಿಗಾದ್ರೂ ಸಿಗುತ್ತೆ, ಮೇಡಂ. ಇವನಿಗೂ ಸಿಗುತ್ತೆ." ಗಲ್ಲದಲ್ಲೇ ಮೇಸ್ತ್ರಿಯನ್ನು ತೋರಿಸಿದರು.

"ನನ್ನ ತಂಟೆಗೆ ಬರಬೇಡಿ ಮಾವ," ಎಂದ ಮೇಸ್ತ್ರಿ. "ನನಗೆ ಗಂಜಿ ಕಲಸೋಕೂ ಬರಲ್ಲ ಅಂತ ನೀವೇ ಊರೆಲ್ಲ ಹೇಳಿಕೊಂಡು ಬಂದಿದೀರಿ."

ತನಿಖಾಧಿಕಾರಿ ಎದ್ದು, ಮಾವ ಅಷ್ಟು ಹೊತ್ತೂ ಮಡಿಸಿಟ್ಟ ಕಟ್ಟುಗಳ ಬಳಿಗೆ ಹೋದರು. ಪ್ರತಿ ಕಟ್ಟಿನ ಮೇಲಿನ ಶೀಟನ್ನು ಬೆರಳಿಂದ ಮುಟ್ಟುತ್ತ ಹೋದರು. ಎಲ್ಲದರಲ್ಲೂ ಕೆಳಗಿನ ಬಲ ಮೂಲೆ ಒಂದಿಷ್ಟೇ ಒಳಕ್ಕೆ ಮಡಚಿತ್ತು. ಉಗುರಿನಿಂದ ಗೀರಿ ಕೂರಿಸಿದ ಮಡಿಕೆ.

"ಇದು ಯಾಕೆ?"

"ಅದಾ? ಕಟ್ಟು ಮುಗೀತು ಅಂತ ಗುರುತು. ಗಾಡಿಗೆ ತುಂಬೋರು ಮತ್ತೆ ಎಣಿಸೋದು ಬೇಡ ಅಂತ. ಅವರದ್ದು ಬೆನ್ನು ಬಗ್ಗಿಸೋ ಕೆಲಸ, ಪಾಪ. ಮೂಲೆ ನೋಡಿದ್ರೆ ಸಾಕು, ಹನ್ನೆರಡು ಇದೆ ಅಂತ ಎತ್ತಿಕೊಂಡು ಹೋಗ್ತಾರೆ."

"ಇನ್ನೊಂದು ಪಾಳಿಯ ಮಡಿಸೋರೂ ಹೀಗೇ ಮಾಡ್ತಾರಾ?"

"ಇಲ್ಲ. ಅವರು ದಾರ ಕಟ್ತಾರೆ."

"ಹೌದು. ನಿನ್ನೆ ನೋಡಿ ಬಂದೆ." ತನಿಖಾಧಿಕಾರಿ ಮತ್ತೆ ಸ್ಟೂಲಿಗೆ ಬಂದು ಕೂತರು. "ಈಗ ಕನ್ನಡಿ ತಗೊಳ್ಳಿ. ಆ ಕೊನೆಯ ಮೂರರಲ್ಲಿ ಮೂರನೆಯ ಸ್ಟ್ಯಾಂಪು. ಕೆಳಗಿನ ಬಲ ಮೂಲೆ."

ಮಾವ ಕನ್ನಡಿ ತೆಗೆದುಕೊಳ್ಳಲಿಲ್ಲ. ತಮ್ಮ ಬಲಗೈಯ ಹೆಬ್ಬೆರಳನ್ನು ನೋಡಿಕೊಂಡರು. ಅದರ ಉಗುರು ಒಂದು ಬದಿಗೆ ಸವೆದು ಇಳಿಜಾರಾಗಿತ್ತು.

ಸ್ಟೀಮ್ ಪ್ರೆಸ್ಸು ಒಂದು ಸಲ ಉಸಿರು ಬಿಟ್ಟಿತು. ಮೇಸ್ತ್ರಿ ಹೋಗಿ ಅದನ್ನು ನಿಲ್ಲಿಸಿದ. ಕೋಣೆಯಲ್ಲಿ ಸದ್ದು ಕಡಿಮೆಯಾಯಿತು.

"ಮೂರು ಅಂಟಿಸಿದೆ," ಎಂದರು ಮಾವ ಕೊನೆಗೆ. "ಕೆಲಸ ಮುಗೀತು ಅಂತ ಕೈ ತಾನೇ ಗೀರಿಬಿಟ್ಟಿದೆ. ನನಗೆ ಗೊತ್ತೇ ಆಗಲಿಲ್ಲ ನೋಡಿ."

"ಮೊದಲಿಂದ ಹೇಳಿ."

"ಮೊದಲು ಎಲ್ಲಿ, ಕೊನೆ ಎಲ್ಲಿ. ಅವಳು ಆಸ್ಪತ್ರೆಯಲ್ಲಿದ್ದಾಗ ನೋಡೋಕೆ ಹೋಗಿದ್ದೆ. ಅಲ್ಲಿಯ ಹಾಸಿಗೆ ಮೇಲೆ ನಾನೇ ಮಡಿಸಿದ ಶೀಟು. ಅದರ ಮೇಲೆ ಮಲಗಿಕೊಂಡು ಅವಳು ಕಾಲಿನ ವಿಚಾರ ಮಾತಾಡಲಿಲ್ಲ. ಮಾವ, ಮೂರು ಚೌಕ ಉಳಿದಿತ್ತು, ಮೂರೇ ಮೂರು ಅಂತ ಅದನ್ನೇ ಹೇಳ್ತಾ ಇದ್ದಳು. ನನ್ನ ಕಾರ್ಡಿನಲ್ಲಿ ಹತ್ತೊಂಬತ್ತು ಇತ್ತು. ಬಂದವನೇ ಮೂರನ್ನ ಹಬೆಗೆ ಹಿಡಿದೆ."

"ಅವಳ ಕಾರ್ಡು ಗೂಡಿನಲ್ಲೇ ಇತ್ತು?"

"ಇಲ್ಲೇ. ತೆಗೆದೆ, ಅಂಟಿಸಿದೆ, ಇಟ್ಟೆ. ಗಂಜಿ ಆರೋಕೆ ಎಷ್ಟು ಹೊತ್ತು."

"ಅವಳು ವಾಪಸ್ ಬಂದಾಗ ಕೇಳಲಿಲ್ವಾ, ಯಾರು ಹಾಕಿದ್ರು ಅಂತ?"

"ಕೇಳಿದಳು. ಕಾಯಿಲೆ ಬಿದ್ದೋರನ್ನ ಸರ್ಕಾರ ಕೈಬಿಡಲ್ಲಮ್ಮ, ಅವರೇ ಬಂದು ಹಾಕಿ ಹೋದ್ರು ಅಂದೆ."

ಮೇಸ್ತ್ರಿಗೆ ನಗು ತಡೆಯಲಾಗಲಿಲ್ಲ. "ಸರ್ಕಾರ ಬಸ್ಸು ಹತ್ತಿ ಬಂದು ಗಂಜಿ ಹಚ್ಚಿ ಹೋಯ್ತು ಅಂದ್ರಾ? ಅವಳು ನಂಬಿದಳಾ?"

"ನಂಬಿದಳು. ನಂಬೋ ಹಾಗಿತ್ತು ಅವಳ ಸ್ಥಿತಿ. ನೀನು ಸುಮ್ಮನಿರು."

ತನಿಖಾಧಿಕಾರಿ ನಗಲಿಲ್ಲ. ಪುಸ್ತಕದಲ್ಲಿ ಎರಡು ಸಾಲು ಬರೆದುಕೊಂಡರು. "ಆಮೇಲೆ ನಿಮ್ಮ ಕಾರ್ಡು ಕಳೆದುಹೋಯ್ತು ಅಂತ ದೂರು ಕೊಟ್ರಿ."

"ಕಳೆದ್ರೆ ಎರಡನೇ ಪ್ರತಿ ಕೊಡ್ತಾರೆ ಅಂತ ಕೌಂಟರಿನವರು ಯಾರಿಗೋ ಹೇಳ್ತಾ ಇದ್ದದ್ದು ಕೇಳಿಸಿತ್ತು. ನಾನು ಕೊಂಡದ್ದು ಹತ್ತೊಂಬತ್ತೂ ಅವರ ಲೆಕ್ಕದಲ್ಲಿ ಇದ್ದೇ ಇದೆ. ಹೊಸ ಕಾರ್ಡಿಗೆ ಹತ್ತೊಂಬತ್ತು ಬರೆದುಕೊಡ್ತಾರೆ, ಅವಳದ್ದೂ ತುಂಬುತ್ತೆ, ನನ್ನದೂ ತುಂಬುತ್ತೆ. ಯಾರಿಗೂ ನಷ್ಟ ಇಲ್ಲ ಅಂದ್ಕೊಂಡೆ."

"ಸ್ಟ್ಯಾಂಪಿಗೆ ನಂಬರಿದೆ ಅಂತ ಗೊತ್ತಿರಲಿಲ್ವಾ?"

"ಗೊತ್ತಿತ್ತು. ಇರುವೆ ಕಾಲಿನಷ್ಟು ಅಕ್ಷರ. ಅದನ್ನ ಯಾರು ಓದ್ತಾರೆ ಅಂದ್ಕೊಂಡೆ."

"ಅದನ್ನ ಓದೋಕೇ ನನಗೆ ಸಂಬಳ ಕೊಡೋದು."

"ಆಮೇಲೆ ಗೊತ್ತಾಯ್ತು," ಎಂದರು ಮಾವ. "ಅವಳ ಮೇಲೆ ಕಳ್ಳತನ ಅಂತ ಬರುತ್ತೆ ಅಂತ ನನಗೆ ಹೊಳೀಲೇ ಇಲ್ಲ, ಮೇಡಂ. ಐದು ದಿನದಿಂದ ಹೇಳಬೇಕು ಅಂತ ಬಾಯಿಗೆ ಬರೋದು, ನುಂಗಿಕೊಳ್ಳೋದು. ನಾನು ಕೊಟ್ಟೆ ಅಂದ್ರೆ ಇಬ್ಬರ ಕಾರ್ಡೂ ಹೋಗುತ್ತಂತೆ. ಹೌದಾ?"

"ನಿಮ್ಮದು ಹೋಗುತ್ತೆ. ಕಟ್ಟಿದ ಹಣ ವಾಪಸ್ ಬರುತ್ತೆ, ಸರ್ಕಾರದ ಪಾಲು ಬರಲ್ಲ. ಐದು ವರ್ಷ ಯೋಜನೆಗೆ ಸೇರೋ ಹಾಗಿಲ್ಲ."

"ಹೋಗಲಿ. ಹಲ್ಲಿನ ಸೆಟ್ಟಿಗೆ ಅಂತ ಕಟ್ತಾ ಇದ್ದೆ. ಹಲ್ಲಿಲ್ಲದೆ ಏಳು ವರ್ಷ ಉಂಡಿದೀನಿ. ಅವಳದ್ದು?"

ತನಿಖಾಧಿಕಾರಿ ಪ್ಲಾಸ್ಟಿಕ್ ಹಾಳೆಯಿಂದ ಕಾರ್ಡನ್ನು ಹೊರತೆಗೆದು ಮಗುಚಿದರು. ಹಿಂಬದಿಯಲ್ಲಿ ತೆಳು ನೀಲಿ ಅಕ್ಷರದಲ್ಲಿ ಹದಿನಾರು ನಿಯಮಗಳು ಅಚ್ಚಾಗಿದ್ದವು. ಹನ್ನೊಂದನೆಯದರ ಕೆಳಗೆ ಬೆರಳಿಟ್ಟರು.

"ಓದಿ."

"ಕನ್ನಡಿ ಇದ್ರೂ ಆಗಲ್ಲ. ನೀವೇ ಹೇಳಿ."

"ಆಸ್ಪತ್ರೆ ಸೇರಿದವರು ತಪ್ಪಿದ ತಿಂಗಳುಗಳ ಸ್ಟ್ಯಾಂಪನ್ನ ಆಮೇಲೆ ಬಂದು ಕೊಳ್ಳಬಹುದು. ಆಸ್ಪತ್ರೆಯ ಪತ್ರ ಇದ್ದರೆ ಸಾಕು. ಆರು ತಿಂಗಳವರೆಗೆ ಅವಕಾಶ ಇದೆ."

ಮಾವನಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. "ಅಂದ್ರೆ ನಾನು ಅಂಟಿಸಬೇಕಾಗೇ ಇರಲಿಲ್ಲ."

"ಇರಲಿಲ್ಲ."

"ಯಾರೂ ಹೇಳಲಿಲ್ಲವಲ್ಲ."

"ಅಚ್ಚು ಹಾಕಿದ ಮೇಲೆ ಹೇಳೋದು ಬಿಟ್ಟುಬಿಡ್ತಾರೆ," ಎಂದರು ತನಿಖಾಧಿಕಾರಿ. ಕಾರ್ಡನ್ನು ಮತ್ತೆ ಹಾಳೆಯೊಳಗೆ ಸೇರಿಸಿದರು.

ಮೇಸ್ತ್ರಿ ಮಾವನ ಮುಂದೆ ನೀರಿನ ಲೋಟ ಇಟ್ಟ. ಮಾವ ಕುಡಿಯಲಿಲ್ಲ. ಲೋಟದ ಕೆಳಗೆ ಮೇಜಿನ ಮೇಲೆ ಕೂತ ನೀರನ್ನು ಅಂಗೈಯಿಂದ ಒರೆಸಿದರು.

"ಹಾಗಾದ್ರೆ ಅವಳ ಮಳಿಗೆ?"

"ಒಂದೇ ಷರತ್ತು. ಈ ಮೂರು ಸ್ಟ್ಯಾಂಪಿನ ವಿಚಾರದಲ್ಲಿ ಅವಳ ಕೈವಾಡ ಇರಬಾರದು. ಅಂಟಿಸೋವಾಗ ಅವಳಿಗೆ ಗೊತ್ತಿರಲಿಲ್ಲ ಅಂತ ನಾನು ಬರೆದುಕೊಟ್ಟರೆ, ಈ ಮೂರನ್ನ ತೆಗೆದುಹಾಕಿ, ಹೊಸದಾಗಿ ಮೂರು ಕೊಂಡು ಅಂಟಿಸಬಹುದು. ಇವತ್ತೇ. ಕೌಂಟರು ಐದರವರೆಗೆ ಇರುತ್ತೆ. ಮಂಜೂರಾತಿ ಪತ್ರ ಕೈಗೆ ಬಂದರೆ ಮಳಿಗೆಯವನಿಗೆ ತೋರಿಸಬಹುದು."

"ಬರೀತೀರಾ?"

"ಬರೀತೀನಿ. ನಿಮ್ಮ ಕಾರ್ಡು ನೋಡಿದ ಮೇಲೆ."

"ಅದು ಕಳೆದಿದೆಯಲ್ಲ," ಎಂದರು ಮಾವ. ಬಾಯಿ ತಪ್ಪಿ ಬಂದ ಮಾತು; ತಾವೇ ತಲೆ ತಗ್ಗಿಸಿದರು.

"ಎಲ್ಲಿ ಕಳೆದಿದೆ, ತಗೊಂಡು ಬನ್ನಿ."

ಮಾವ ಎದ್ದು ಕೋಣೆಯ ಆ ತುದಿಗೆ ಹೋದರು. ಹರಿದು ಮೂಲೆ ಸೇರಿದ ದಿಂಬಿನ ಚೀಲಗಳ ರಾಶಿ ಅಲ್ಲಿತ್ತು. ಮೇಲಿನಿಂದ ಒಂಬತ್ತನ್ನು ಎತ್ತಿಟ್ಟು, ಹತ್ತನೆಯದರ ಒಳಗೆ ಕೈಹಾಕಿ ಒಂದು ಕಂದು ಲಕೋಟೆ ತೆಗೆದರು. ಎತ್ತಿಟ್ಟ ಒಂಬತ್ತನ್ನೂ ಮತ್ತೆ ಅಂಚಿಗೆ ಅಂಚು ಕೂಡಿಸಿ ಇಟ್ಟೇ ಬಂದರು.

"ಇದು ಇಲ್ಲೇ ಇತ್ತಾ, ಒಂದು ತಿಂಗಳಿಂದ?" ಎಂದು ಕೇಳಿದ ಮೇಸ್ತ್ರಿ. "ನಾನು ದಿನಾ ಆ ರಾಶಿ ಮೇಲೆ ಕೂತು ಚಾ ಕುಡೀತಿದ್ದೆ."

"ಒಂದು ತಿಂಗಳಿಂದ ಅಲ್ಲ. ಮೊದಲು ಮನೆಯಲ್ಲಿತ್ತು. ಲಕೋಟೆ ಅಂಟಿಸಿ ಮಗಳ ಕೈಗೆ ಕೊಟ್ಟಿದ್ದೆ, ಪೆಟ್ಟಿಗೆಯಲ್ಲಿ ಇಡು ಅಂತ. ಒಳಗೇನಿದೆ ಅಂತ ಹೇಳಿರಲಿಲ್ಲ. ಮೇಡಂ ಬಂದ ದಿನ ಭಯ ಆಯ್ತು, ಮನೆ ಜಾಲಾಡ್ತಾರೇನೋ ಅಂತ. ಆವತ್ತು ತಂದು ಇಲ್ಲಿ ಇಟ್ಟೆ."

"ಕೊಟ್ಟಾಗ ಹೇಗಿತ್ತೋ ಹಾಗೇ ಬಂತಾ?"

"ಹಾಗೇ. ಅಂಟಿಸಿದ್ದು ಅಂಟಿಸಿದ ಹಾಗೇ ಇದೆ, ನೋಡಿ."

ತನಿಖಾಧಿಕಾರಿ ಲಕೋಟೆಯ ಬಾಯನ್ನು ನೋಡಿದರು. ಅಂಟು ಬಿಟ್ಟಿರಲಿಲ್ಲ. ತಳವನ್ನು ನೋಡಿದರು, ಅಲ್ಲಿಯ ಅಂಟು ಬಾಯಿಯದಕ್ಕಿಂತ ಹೊಸದಾಗಿತ್ತು. ಮೇಜಿನ ಮೇಲಿದ್ದ ಸ್ಟೀಲ್ ಸ್ಕೇಲಿನಿಂದ ಬಾಯಿಯ ಕಡೆಯೇ ಸೀಳಿ, ಕಾರ್ಡನ್ನು ಎರಡು ಬೆರಳಲ್ಲಿ ಹಿಡಿದು ಹೊರಗೆಳೆದರು.

ಮೊದಲ ಹನ್ನೆರಡು ಸ್ಟ್ಯಾಂಪುಗಳ ಮೇಲೆ ಕಚೇರಿಯ ದುಂಡನೆಯ ಸೀಲು ಬಿದ್ದಿತ್ತು. ವರ್ಷಕ್ಕೊಮ್ಮೆ ಪರಿಶೀಲಿಸಿ ಒತ್ತುವ ಸೀಲು ಅದು. ಸೀಲು ಬಿದ್ದವನ್ನು ಬಿಡಿಸಿ ಇನ್ನೊಂದು ಕಡೆ ಅಂಟಿಸಲು ಬರುವುದಿಲ್ಲ. ಅಲ್ಲಿಂದ ಮುಂದೆ, ಸೀಲಿಲ್ಲದ ಸ್ಟ್ಯಾಂಪು ಏಳು ಇರಬೇಕಾಗಿತ್ತು. ಮಾವ ಮೂರು ತೆಗೆದಿದ್ದರು. ನಾಲ್ಕು ಉಳಿದಿರಬೇಕು.

ಏಳು ಚೌಕವೂ ಖಾಲಿ ಇದ್ದವು.

ತನಿಖಾಧಿಕಾರಿ ಕಾರ್ಡನ್ನು ಮಾವನ ಕಡೆ ತಿರುಗಿಸಿದರು.

ಮಾವ ಬೆರಳಿಟ್ಟು ಎಣಿಸಿದರು. ಈ ಸಲ ಬಾಯಿಬಿಟ್ಟೇ ಎಣಿಸಿದರು. ಏಳು ಅಂದ ಮೇಲೆ ಮತ್ತೆ ಒಂದರಿಂದ ಶುರು ಮಾಡಿದರು.

"ಮೂರೇ ಮೂರು, ಮೇಡಂ. ನಾನು ತೆಗೆದದ್ದು ಮೂರು."

"ಗೊತ್ತು."

"ಹೇಗೆ ಗೊತ್ತು?"

"ಮುಟ್ಟಿ ನೋಡಿ. ಈ ಮೂರು ಚೌಕ ನುಣ್ಣಗಿವೆ. ಹಬೆಗೆ ಬಿಟ್ಟುಕೊಂಡಿದೆ, ಕಾಗದಕ್ಕೆ ಪೆಟ್ಟಾಗಿಲ್ಲ. ಈ ನಾಲ್ಕು?"

ಮಾವ ಸವರಿದರು. ಕಾಗದ ಅಲ್ಲಲ್ಲಿ ಎದ್ದು ತರಿತರಿಯಾಗಿತ್ತು.

"ಬ್ಲೇಡು," ಎಂದ ಮೇಸ್ತ್ರಿ, ಅವರ ಭುಜದ ಮೇಲಿಂದ ಬಗ್ಗಿ ನೋಡುತ್ತ.

"ಬ್ಲೇಡು. ಹಬೆ ಇಲ್ಲದ ಕಡೆ ಬಿಡಿಸಿದ್ದು."

ತನಿಖಾಧಿಕಾರಿ ಕಾರ್ಡನ್ನು ಇನ್ನೊಂದು ಪ್ಲಾಸ್ಟಿಕ್ ಹಾಳೆಗೆ ಹಾಕಿ ಸಮಯ ಬರೆದರು. ಎರಡು ಗಂಟೆ ಹತ್ತು ನಿಮಿಷ.

"ಇದನ್ನ ಇವತ್ತಿಗೆ ಮುಂಚೆ ಬೇರೆ ಯಾರಿಗಾದ್ರೂ ತೋರಿಸಿದ್ರಾ?"

"ಇಲ್ಲ. ಕಳೆದಿದೆ ಅಂತ ದೂರು ಕೊಟ್ಟವನು ಯಾರಿಗೆ ತೋರಿಸಲಿ?"

"ಮೂರು ತೆಗೆದದ್ದು ಅಂತ ಯಾರಿಗಾದ್ರೂ ಹೇಳಿದ್ರಾ?"

"ಈ ಕೋಣೆಯಲ್ಲಿ ಈಗ ಹೇಳಿದ್ದೇ ಮೊದಲು."

"ಹಾಗಾದ್ರೆ ಏಳು ಚೌಕ ಖಾಲಿ ಇದೆ ಅಂತ ಗೊತ್ತಿರೋದು ಇಲ್ಲಿರೋ ಮೂರು ಜನಕ್ಕೆ. ಇನ್ನು, ಆ ನಾಲ್ಕನ್ನ ತೆಗೆದವರಿಗೆ. ಅದು ಬೇರೆ ವಿಚಾರಣೆ, ಆಮೇಲೆ ನೋಡೋಣ." ಪುಸ್ತಕದ ಹೊಸ ಹಾಳೆ ತಿರುಗಿಸಿದರು. "ಮೊದಲು ಅಕ್ಕನ ಪತ್ರ ಬರೀತೀನಿ. ಅವಳೆಲ್ಲಿ?"

"ಬೆಳಿಗ್ಗೆ ರಜೆ ಹಾಕಿ ಹೋಗಿದಾಳೆ," ಎಂದ ಮೇಸ್ತ್ರಿ. "ಮಧ್ಯಾಹ್ನ ಬರ್ತೀನಿ ಅಂದಿದ್ದಳು. ಮಳಿಗೆಯವನನ್ನ ಕಾಡಿಬೇಡೋಕೆ ಹೋಗಿರಬೇಕು."

ತನಿಖಾಧಿಕಾರಿ ಬರೆಯತೊಡಗಿದರು. ಸ್ಟ್ಯಾಂಪು ಅಂಟಿಸಿದಾಗ ಕಾರ್ಡಿನವರಿಗೆ ತಿಳಿದಿರಲಿಲ್ಲ, ಇದರಲ್ಲಿ ಅವರ ಪಾತ್ರವಿಲ್ಲ, ಹನ್ನೊಂದನೆಯ ನಿಯಮದಂತೆ ಅವಕಾಶ ಕೊಡಬಹುದು. ಮೂರೇ ಸಾಲು. ಸಹಿ ಹಾಕಲು ಪೆನ್ನು ಎತ್ತಿದಾಗ ಹೊರಗೆ ಊರುಗೋಲಿನ ಸದ್ದು ಕೇಳಿತು.

ಇಸ್ತ್ರಿ ಅಕ್ಕ ಬಾಗಿಲಲ್ಲಿ ನಿಂತಳು. ನಲವತ್ತರ ಆಸುಪಾಸಿನ, ಗಟ್ಟಿ ತೋಳಿನ ಹೆಂಗಸು. ಮೇಸ್ತ್ರಿ ಓಡಿಹೋಗಿ ಅವಳ ಎತ್ತರದ ಸ್ಟೂಲನ್ನು ಎಳೆದುಕೊಟ್ಟ. ಅವಳಿಗೆಂದೇ ಅದರ ಮೂರು ಕಾಲಿಗೆ ರಬ್ಬರು, ನಾಲ್ಕನೆಯದಕ್ಕೆ ಬಟ್ಟೆ ಸುತ್ತಿತ್ತು.

ಅವಳು ಕೂರಲಿಲ್ಲ.

"ಒಳ್ಳೇ ಹೊತ್ತಿಗೆ ಬಂದ್ರಿ," ಎಂದರು ತನಿಖಾಧಿಕಾರಿ. "ಆಸ್ಪತ್ರೆಯ ಪತ್ರ ಕೈಯಲ್ಲಿದೆಯಾ?"

"ಅದೆಲ್ಲ ಇನ್ನು ಬೇಡ, ಮೇಡಂ. ನಾನು ನಿಮ್ಮ ಕಚೇರಿಗೇ ಹೋಗಿದ್ದೆ. ನಿಮ್ಮ ಸಾಹೇಬ್ರಿಗೆ ಬರೆದುಕೊಟ್ಟು ಬಂದೆ."

"ಏನು ಬರೆದುಕೊಟ್ರಿ?"

"ನಾನೇ ಕದ್ದೆ ಅಂತ."

ಮಾವ ಅವಳ ಹೆಸರು ಹಿಡಿದು ಕೂಗಲಿಲ್ಲ, ಬೈಯಲಿಲ್ಲ. ಬಹಳ ಮೆಲ್ಲಗೆ, "ಹುಚ್ಚಿ," ಎಂದರು. "ಇವರು ಈಗ ನಿನ್ನ ಹೆಸರಲ್ಲಿ ಪತ್ರ ಬರೀತಾ ಇದ್ರು. ಮಳಿಗೆ ಸಿಕ್ತಿತ್ತಲ್ಲೇ."

"ತಪ್ಪು ನಿಮ್ಮ ಮೇಲೆ ಬರೋದು ನನಗೆ ಗೊತ್ತಿತ್ತು ಮಾವ. ಸರ್ಕಾರ ಬಂದು ಅಂಟಿಸಿತು ಅಂತ ನೀವು ಹೇಳಿದ ದಿನವೇ ಗೊತ್ತಾಯ್ತು. ನಾನೇನು ಎಳೇ ಮಗುವಾ?"

"ಅವತ್ತು ನಂಬಿದೆ ಅಂದೆ."

"ನಂಬಲಿ ಅಂತ ನೀವು ಅಷ್ಟು ಕಷ್ಟಪಟ್ಟು ಹೇಳ್ತಾ ಇದ್ರಿ. ಇಲ್ಲ ಅನ್ನೋಕೆ ಮನಸ್ಸು ಬರಲಿಲ್ಲ."

ತನಿಖಾಧಿಕಾರಿ ಪೆನ್ನಿನ ಮುಚ್ಚಳ ಹಾಕಿದರು. "ಪ್ರತಿ ಇದೆಯಾ?"

ಅಕ್ಕ ರವಿಕೆಯೊಳಗಿನಿಂದ ಮಡಿಸಿದ ಹಾಳೆ ತೆಗೆದು ಕೊಟ್ಟಳು. ಕಚೇರಿಯ ಸ್ವೀಕೃತಿ ಸೀಲು, ಪಕ್ಕದಲ್ಲಿ ಗುಮಾಸ್ತನ ಸಹಿ, ಸಮಯ. ಬೆಳಿಗ್ಗೆ ಹನ್ನೊಂದೂ ಕಾಲು.

"ಇದನ್ನ ಹಿಂದಕ್ಕೆ ತಗೋಬಹುದು," ಎಂದರು ತನಿಖಾಧಿಕಾರಿ ಹಾಳೆ ಬಿಡಿಸುತ್ತ. "ಸಾಹೇಬ್ರು ಪೊಲೀಸಿಗೆ ಕಳಿಸೋದು ಸಂಜೆ ಟಪಾಲಿನಲ್ಲಿ. ಅಷ್ಟರೊಳಗೆ ನಾವು ಹೋಗಿ ಹೇಳಿದ್ರೆ, ಮಾವ ತಮ್ಮ ಹೇಳಿಕೆ ಕೊಟ್ರೆ..."

ಅಷ್ಟು ಹೇಳಿ ಓದತೊಡಗಿದರು. ಒಂದು ಕಡೆ ಅವರ ಕಣ್ಣು ನಿಂತಿತು. ಭೂತಗನ್ನಡಿಯ ಅಗತ್ಯವಿರಲಿಲ್ಲ, ಅಕ್ಕನ ಅಕ್ಷರ ದೊಡ್ಡದಾಗಿ, ಒಂದೊಂದೂ ಬಿಡಿಬಿಡಿಯಾಗಿತ್ತು. ತನಿಖಾಧಿಕಾರಿ ಆ ಸಾಲನ್ನು ಗಟ್ಟಿಯಾಗಿ ಓದಿದರು.

"'ಸದರಿಯವರ ಕಾರ್ಡಿನಿಂದ ಏಳು ಸ್ಟ್ಯಾಂಪುಗಳನ್ನು ನಾನೇ ತೆಗೆದಿರುತ್ತೇನೆ.'"

ಮೇಸ್ತ್ರಿ ಮಾವನ ಮುಖ ನೋಡಿದ, ಮಾವ ಅಕ್ಕನ ಮುಖ ನೋಡಿದರು.

"ನಿಮ್ಮ ಕಾರ್ಡಿನ ಮೇಲೆ ಇರೋದು ಮೂರು," ಎಂದರು ತನಿಖಾಧಿಕಾರಿ. "ಕಚೇರಿಯಲ್ಲಿ ನಿಮಗೆ ಹೇಳಿದ್ದೂ ಮೂರು. ಮಾವನಿಗೆ ಗೊತ್ತಿದ್ದದ್ದೂ ಮೂರೇ. ಇವರ ಕಾರ್ಡಿನಲ್ಲಿ ಏಳು ಖಾಲಿ ಇದೆ ಅಂತ ನಮಗೆಲ್ಲ ಗೊತ್ತಾಗಿ ಇನ್ನೂ ಅರ್ಧ ಗಂಟೆ ಆಗಿಲ್ಲ. ನೀವು ಬೆಳಿಗ್ಗೆ ಹನ್ನೊಂದೂ ಕಾಲಿಗೆ ಬರೆದುಕೊಟ್ಟಿದೀರಿ. ಏಳು ಅಂತ ನಿಮಗೆ ಯಾರು ಹೇಳಿದ್ರು?"

ಅಕ್ಕ ಊರುಗೋಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದಳು.

"ನಾನೇ ತೆಗೆದೆ ಅಂತ ಬರೆದಿದೀನಲ್ಲ."

"ಯಾವುದರಿಂದ ತೆಗೆದ್ರಿ?"

"ಹಬೆಗೆ ಹಿಡಿದು."

"ಏಳನ್ನೂ?"

"ಏಳನ್ನೂ."

ತನಿಖಾಧಿಕಾರಿ ಮುಂದೆ ಕೇಳಲಿಲ್ಲ. ಆ ಉತ್ತರ ಸುಳ್ಳೆಂದು ಅಲ್ಲಿದ್ದ ಮೂವರಿಗೂ ಗೊತ್ತಾಗಿತ್ತು. ಕೈಗಡಿಯಾರ ನೋಡಿದರು. "ಎರಡು ಗಂಟೆ ಮೂವತ್ತೈದು. ಐದಕ್ಕೆ ಕೌಂಟರು ಮುಚ್ಚುತ್ತೆ. ಈ ಪತ್ರ ಹಿಂದಕ್ಕೆ ಬರಬೇಕು ಅಂದ್ರೆ ಆ ನಾಲ್ಕು ಎಲ್ಲಿಗೆ ಹೋದವು ಅಂತ ನಾನು ಬರೀಬೇಕು. ನೀವು ಹೇಳಿದ್ರೆ ಮಳಿಗೆ ಉಳಿಯುತ್ತೆ. ಹೇಳದಿದ್ರೆ ಮಳಿಗೆಯೂ ಹೋಯ್ತು, ಪೊಲೀಸರೂ ಬರ್ತಾರೆ. ನನ್ನ ಕೈಯಲ್ಲಿ ಇರೋದು ಇಷ್ಟೇ."

ಅಕ್ಕ ಗೂಡುಗಳ ಕಪಾಟಿನ ಕಡೆ ಮುಖ ತಿರುಗಿಸಿದಳು. ಆಮೇಲೆ ಮೆಲ್ಲನೆ ಹೇಳಿದಳು.

"ಮಾವ ಸ್ವಲ್ಪ ಹೊರಗೆ ಹೋಗಲಿ, ಮೇಡಂ. ಅವರ ಮುಂದೆ ಹೇಳೋಕೆ ನನ್ನಿಂದ ಆಗಲ್ಲ."

ಮೇಸ್ತ್ರಿ ಮಾವನ ತೋಳಿಗೆ ಕೈಹಾಕಿದ. ಮಾವ ಆ ಕೈಯನ್ನು ಬಿಡಿಸಿದರು, ಒರಟಾಗಿ ಏನಲ್ಲ. ಅಕ್ಕ ಕೂರದೆ ಬಿಟ್ಟ ಎತ್ತರದ ಸ್ಟೂಲನ್ನು ತಮ್ಮ ಕಡೆ ಎಳೆದುಕೊಂಡು, ಅವಳಿಗೆ ಎದುರಾಗಿ ಕೂತರು.

"ಲಕೋಟೆ ಇದ್ದದ್ದು ಮಗಳ ಕೈಯಲ್ಲಿ. ನನ್ನ ಮನೆಯ ವಿಚಾರ," ಎಂದರು. "ಹೇಳು."